ಡಾಂಬರು ಒಣಗುವ ತನಕ

"ಹಲೋ, ಯಾರ್ರೀ ಮಾತಾಡೋದು? ಹರಿಗೋಲು ಬೇಕಿತ್ತಾ?..."

ಹಂಪಿಯ ಹೊಳೆದಂಡೆಯಲ್ಲಿ ಸುಂಕಪ್ಪ ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದ. ಟೊಂಕದ ಕೀಲು ಬದಲಿಸಿಕೊಂಡು ಇಪ್ಪತ್ತೇ ದಿನ. ಹೆಂಡತಿ ಯಮನಮ್ಮ ಎಮ್ಮಿಗನೂರಿನ ತವರಿಗೆಂದು ಹೊರಟಳೋ ಇಲ್ಲವೋ, ಈ ಮಹಾರಾಯ ಕೋಲೂರುತ್ತ ಹೊಳೆಗೆ ಬಂದೇಬಿಟ್ಟಿದ್ದ.

"ಎಂಟು ಮಂದಿ ಅಲ್ವಾ? ಬರ್ರಿ ಬರ್ರಿ... ಹಾಂ, ನಾನೇ ಹುಟ್ಟು ಹಾಕೋದು... ಕುಕ್ಕರಗಾಲಿಲೇ ಕುಂದ್ರೋದ್ರಿ, ಮತ್ತ ಹೆಂಗ?..."

"ಅಲ್ಲ, ಇಷ್ಟ್ಯಾಕ ಕೇಳ್ತೀರಿ? ಯಾರು ನೀವು?... ಯಾವ ಸುಕನ್ಯಾ?... ಅಯ್ಯಯ್ಯೋ, ಡಾಕ್ಟರಮ್ಮ!"

ಹೊಸಪೇಟೆಯಲ್ಲಿ ಅವನ ಕೀಲು ಬದಲಿಸಿದ ಡಾಕ್ಟರೇ! ಸುಂಕಪ್ಪನ ಕೈಯ ಹುಟ್ಟು ಜಾರಿ ಬಿತ್ತು.

"ಮನ್ಯಾಗ ಅದೀನ್ರಿ, ಹಾಸಿಗಿ ಮ್ಯಾಲ... ಆ ಸಪ್ಪಳಾ? ನಳ ಬಂದೈತ್ರಿ... ಆತು, ಆತು, ಹೊಳೀ ದಂಡಿಗೆ ಅದೀನಿ. ಇನ್ನೂ ಹತ್ತಿಲ್ರಿ, ದೇವ್ರಾಣಿ..."

"ನೀವೇ ಸಣ್ಣ ಕೊಯ್ತ ಅಂದಿದ್ರಲ್ರಿ? ಬೆರಳುದ್ದ ಗಾಯ, ಮರುದಿನಾನ ನಡಿಸಿದ್ರಿ. ಊರಾಗ ತೋರಿಸಿದ್ರ, ಇಷ್ಟಕ್ಕ ಆಪರೇಷನ್ ಅಂತಾರೇನು ಅಂತ ನಗ್ತಾರ..."

"ಹಾಂ?... ಹೊರಗಷ್ಟ ಸಣ್ಣದಾ? ಒಳಗ ಎಲುಬು ಕೊಯ್ಯೋದು, ಹೊಸಾ ಕೀಲು ಕುಂದ್ರಿಸೋದು ಗಾಯ ಸಣ್ಣದಿದ್ರೂ ದೊಡ್ಡದಿದ್ರೂ ಒಂದಾ?... ಇನ್ನೂ ಆರು ವಾರ ಕುಕ್ಕರಗಾಲು ಬ್ಯಾಡಾ?... ಕುಂತ್ರ ಏನಾಕ್ಕೈತಿ?"

ಸುಂಕಪ್ಪನ ಮುಖದ ನಗು ಇಳಿಯಿತು.

"ಕೀಲು ಜಾರಿದ್ರ ಮತ್ತ ಕೊಯ್ಬೇಕಾ?... ಆಮ್ಯಾಲ ಹರಿಗೋಲು ಹತ್ತಂಗೇ ಇಲ್ಲಾ?... ಹಂಗನ್ನಬ್ಯಾಡ್ರಿ. ಹೊಳಿ ಬಿಟ್ಟು ನನಗ ಇರಾಕ ಆಗಂಗಿಲ್ಲ. ಮನ್ಯಾಗ ಕುಂತು ಕುಂತು ಅಳು ಬರ್ತೈತಿ..."

"ಆರು ವಾರ ತಡದ್ರ?... ಎಕ್ಸರೇ ನೋಡಿ, ಎತ್ತರದ ಮಣೆ ಮ್ಯಾಲ ಕುಂತು ಹುಟ್ಟು ಹಾಕಬಹುದಾ? ಖರೇನಾ?..."

"ಹರಿಗೋಲು ತೂತು ಬಿದ್ರ ಏನ್ ಮಾಡ್ತೀನಾ? ಡಾಂಬರ್ ಹಚ್ತೀನ್ರಿ... ಸಣ್ಣ ತೂತಾದ್ರೂ ಅಷ್ಟ, ಒಣಗೋಮಟ ನೀರಿಗೆ ಇಳಿಸಾಕ ಬಿಡಂಗಿಲ್ಲ. ಜಲ್ದಿ ಮಾಡಿದೋರಿಗೆ ನಾನೇ ಬೈ..."

ಸುಂಕಪ್ಪ ನಾಲಗೆ ಕಚ್ಚಿಕೊಂಡ. ದಿನಾ ಊರಿಗೆಲ್ಲ ಹೇಳುವ ಮಾತು ತನ್ನ ತಲೆಗೇ ಹೊಳೆದಿರಲಿಲ್ಲ.

"ತಿಳೀತು ಬಿಡ್ರಿ. ಮನಿಗೆ ಹೊಂಟೆ. ಒಂದು ಉಪಕಾರ ಮಾಡ್ರಿ, ನಮ್ಮಾಕಿಗೆ ಮಾತ್ರ ಹೇಳಬ್ಯಾಡ್ರಿ..."

"ಏನು?... ಫೋನ್ ಹಚ್ಚಾಕ ಹೇಳಿದಾಕೀನೇ ಅಕಿಯಾ? ನಿಮ್ಮ ಎದುರಿಗೇ ಕುಂತಾಳಾ?... ಸ್ಪೀಕರ್ ಬ್ಯಾರೆ ಹಾಕೀರಾ?"

"ಲೇ, ನೀನಾ? ತವರಿಗೆ ಹೋಗಲಿಲ್ಲೇನು?... ಇಲ್ಲ, ಹತ್ತಿಲ್ಲ... ಬೈ, ಎಷ್ಟರ ಬೈ... ಅಳಬ್ಯಾಡ ಮಾರಾಯ್ತಿ. ಹುಟ್ಟು ತಂದು ನಿನ್ನ ಕೈಗೇ ಕೊಡ್ತೀನಿ, ಆರು ವಾರ ಎಲ್ಲೆರ ಬಚ್ಚಿಡು. ಕೇಳಸ್ತಾ?... ಹಲೋ?... ಹಲೋ?"