ಬಾವಿಯ ಹತ್ತಿರದ ಕೆಂಪು ಚುಕ್ಕಿ

ಕ್ಷಮಿಸಿ, ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಹೆದರಿಸಬೇಕಾದಲ್ಲೆಲ್ಲ ವಿವರಿಸುತ್ತ ಕೂತುಬಿಡುತ್ತೇನೆ. ಆದರೂ ಇದು ನಡೆದದ್ದು, ನಮ್ಮ ದೊಡ್ಡಪ್ಪನ ಮಗ ಟೈಲರಣ್ಣನಿಗೆ.

ಆ ರಾತ್ರಿ ಅವನು ಪಾಳುಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದ. ಒಬ್ಬನೇ ಅಲ್ಲ, ಜೊತೆಗೆ ಅವನ ಮೇಲೆ ನಿಗಾ ಇಡುವ ಅಧಿಕಾರಿಯೂ ಇದ್ದರು. ನಿಗಾ ಯಾಕೆಂದರೆ, ಒಂದು ಹೊಡೆದಾಟದಲ್ಲಿ ಜೈಲು ಸೇರಿದ್ದ ಅಣ್ಣನನ್ನು ಷರತ್ತಿನ ಮೇಲೆ ಬೇಗ ಬಿಟ್ಟಿದ್ದರು. ಕಾಲಿಗೊಂದು ಕಪ್ಪು ಪಟ್ಟಿ. ಅದರೊಳಗಿನ ಯಂತ್ರದಿಂದ ಅವನಿರುವ ಜಾಗ ಕಚೇರಿಯ ಪರದೆಯಲ್ಲಿ ಕೆಂಪು ಚುಕ್ಕಿಯಾಗಿ ಕಾಣುತ್ತದೆ. ಕತ್ತಲಾದ ಮೇಲೆ ಚುಕ್ಕಿ ಮನೆಯಲ್ಲಿರಬೇಕು. ಇಲ್ಲದಿದ್ದರೆ ಮತ್ತೆ ಜೈಲು.

ಆದರೆ ದಿನಾ ರಾತ್ರಿ ಅಣ್ಣ ಹಾಸಿಗೆಯಲ್ಲಿ, ಚುಕ್ಕಿ ಬಾವಿಯ ಹತ್ತಿರ. ಪಟ್ಟಿ ಗುರ್ರ್... ಗುರ್ರ್... ಎಂದು ನಡುಗುತ್ತಿತ್ತು. ಹಿಂದೆಯೇ ಕಚೇರಿಯಿಂದ ಫೋನು.

"ಮನೆಗೆ ಹೋಗಪ್ಪ."

"ಸಾರ್, ಮನೇಲೇ ಇದೀನಿ."

"ಹಾಗಾದ್ರೆ ಕಾಲೊಂದೇ ವಾಕಿಂಗ್ ಹೋಗಿದ್ಯಾ?"

ಪಟ್ಟಿ ಬದಲಿಸಿದರು. ಅದೇ ಹಾಡು. ಕಚೇರಿಗೆ ಅಲೆದೂ ಅಲೆದೂ ಅಣ್ಣನ ಚಪ್ಪಲಿ ಸವೆಯಿತು. ಇನ್ನೊಂದು ಸಲ ಹೀಗಾದರೆ ಒಳಗೆ ಹಾಕುತ್ತೇವೆ ಎಂದರು. ಅದಕ್ಕೇ, "ಒಂದ್ಸಲ ನೀವೇ ಬಂದು ನೋಡಿ ಸಾರ್" ಎಂದು ಗೋಗರೆದು ಅಧಿಕಾರಿಯನ್ನು ಕರೆತಂದಿದ್ದ.

ಮನೆಯಲ್ಲಿ ಅಧಿಕಾರಿ ಕುರ್ಚಿಯಲ್ಲಿ ಕೂತರು. ಎದುರಿಗೆ ಅಣ್ಣ, ಪಕ್ಕದಲ್ಲಿ ಅತ್ತಿಗೆ. ಗುರ್ರ್... ಅಧಿಕಾರಿಯ ಫೋನಿನಲ್ಲಿ ಚುಕ್ಕಿ ಬಾವಿಯ ಹತ್ತಿರ.

"ನೋಡಿದ್ರಾ?" ಅತ್ತಿಗೆ ಕೇಳಿದರು.

"ನಾನು ನೋಡಿ ಏನಮ್ಮ ಬಂತು? ವರದಿಗೆ ಹೋಗೋದು ಯಂತ್ರ ನೋಡಿದ್ದು." ಎದ್ದು ನಿಂತು ಅಣ್ಣನಿಗೆ ಹೇಳಿದರು. "ನೀನು ಇಲ್ಲೇ ಇರು. ಅಲ್ಲಿ ಏನಿದೆ ನೋಡ್ಕೊಂಡು ಬರ್ತೀನಿ."

ಸ್ವಲ್ಪ ಹೊತ್ತಿಗೆ ಅವರ ಕರೆ ಬಂತು, ಅಣ್ಣ ಮನೆಯಲ್ಲೇ ಇದ್ದಾನೋ ಇಲ್ಲವೋ ತಿಳಿಯಲಿಕ್ಕೆ ಇರಬೇಕು. ಅಣ್ಣ ಎತ್ತಿ, ಅತ್ತಿಗೆಗೂ ಕೇಳಲೆಂದು ಸ್ಪೀಕರ್ ಹಾಕಿದ. ಆ ಕಡೆಯಿಂದ ಬಾವಿಯ ರಾಟೆ ಕಿರ್ರ್... ಎಂದು ತಿರುಗುವ ಸದ್ದು. ಆ ರಾಟೆಗೆ ಹಗ್ಗವಿಲ್ಲ... ಆಮೇಲೆ ಅಧಿಕಾರಿಯ ಪಿಸುದನಿ. ಫೋನಿನಲ್ಲಿದ್ದ ಅಣ್ಣನಿಗಲ್ಲ, ಎದುರಿಗಿದ್ದ ಯಾರಿಗೋ.

"ಇಲ್ಲಿಗ್ಯಾಕೋ ಬಂದೆ? ಮನೇಲಿರು ಅಂದಿರ್ಲಿಲ್ವಾ?"

ಉತ್ತರವೂ ಕೇಳಿಸಿತು. ಅಣ್ಣನದೇ ದನಿ.

"ಸಾರ್... ಮನೇಲೇ ಇದೀನಿ."

ಅತ್ತಿಗೆ ಅಣ್ಣನ ಬಾಯಿ ನೋಡಿದರು. ಮುಚ್ಚಿತ್ತು.

ಬೆಳಿಗ್ಗೆ ಜೀಪು ಬಂತು. "ಬಾವಿ ಹತ್ರ ಕಣ್ಣಾರೆ ಕಂಡೆ" ಎಂದರು ಅಧಿಕಾರಿ.

"ಮನೆಯಿಂದ್ಲೇ ನಿಮ್ಮ ಫೋನ್ ಎತ್ತಿದ್ನಲ್ಲ ಸಾರ್."

"ಫೋನ್ ಎಲ್ಲಿಂದ ಬೇಕಾದ್ರೂ ಎತ್ಬಹುದು."

ಪಕ್ಕದಲ್ಲೇ ಕೂತಿದ್ದ ಅತ್ತಿಗೆಯ ಮಾತು? ಹೆಂಡತಿ ಹಾಗೇ ಹೇಳುವುದು ಎಂದರಂತೆ.

ಈಗ ಅಣ್ಣ ಜೈಲಿನಲ್ಲಿದ್ದಾನೆ. ಪಟ್ಟಿಯನ್ನು ಕತ್ತರಿಸಿ ತೆಗೆದು ಕಚೇರಿಯ ಬೀರುವಿನಲ್ಲಿ ಹಾಕಿದ್ದಾರೆ. ನಿನ್ನೆ ರಾತ್ರಿ ಅತ್ತಿಗೆಗೆ ಕಚೇರಿಯಿಂದ ಫೋನು. ನಾನು ಅತ್ತಿಗೆಯ ಪಕ್ಕದಲ್ಲೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದು, ಸುಳ್ಳಲ್ಲ. "ಬಾವಿ ಹತ್ರದಿಂದ ಮನೆಗೆ ಬರೋಕೆ ನಿಮ್ಮ ಯಜಮಾನ್ರಿಗೆ ಹೇಳಿ."

"ಅವ್ರು ನಿಮ್ಮ ಜೈಲಲ್ಲೇ ಇದಾರಲ್ಲ ಸ್ವಾಮಿ" ಎಂದರು ಅತ್ತಿಗೆ.

ಹಳೇ ಸಿಗ್ನಲ್ ಇರಬೇಕು ಎಂದು ಕಚೇರಿಯವರು ಫೋನು ಇಟ್ಟರು. ಹಳೇ ಸಿಗ್ನಲ್ ಎಂದರೆ ಏನೆಂದರೆ, ಪಟ್ಟಿಯೊಳಗಿನ ಬ್ಯಾಟರಿ... ಒಂದು ನಿಮಿಷ. ಅತ್ತಿಗೆ ಕರೆಯುತ್ತಿದ್ದಾರೆ, ಮತ್ತೆ ಫೋನು ಬಂದಿದೆಯಂತೆ.