ಕೋಲು ಕೊಡಬ್ಯಾಡ್ರಿ

ಎಲ್ಲರಿಗೂ ಶರಣು, ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಮಾತೆಪ್ಪ ಸರ್ ಅವರ ಹೆಂಡತಿ ಬನಶಂಕರಿ ಅಕ್ಕಾ, ಮಗಳು ಐಶ್ವರ್ಯಾ, ನವನಗರದ ಹಿರಿಯರೇ, ಬಾದಾಮಿ, ಹುನಗುಂದ, ಅಮೀನಗಡದ ಕಡೆಯಿಂದ ಬಸ್ಸು ಹಿಡಿದು ಬಂದಿರುವ ನಮ್ಮ ಕೇಂದ್ರದ ವಿದ್ಯಾರ್ಥಿಗಳೇ — ನಾನು ಮುಬಶೀರಾ, ಇಳಕಲ್ಲಿನಾಕಿ. ನನಗೂ ಕಣ್ಣು ಕಾಣುವುದಿಲ್ಲ. ದೃಷ್ಟಿ ಹೋದವರಿಗೆ ಮುಂದೆ ಬದುಕುವುದು ಹೇಗೆ ಅಂತ ಕಲಿಸುವ ನಮ್ಮ ಕೇಂದ್ರದಲ್ಲಿ ಅಮಾತೆಪ್ಪ ಸರ್ ಜೊತೆ ಇಷ್ಟು ವರ್ಷ ಕೆಲಸ ಮಾಡಿದವಳು. ಹೋದ ವಾರ ಸರ್ ಹೃದಯಾಘಾತದಿಂದ ಲಿಂಗೈಕ್ಯರಾದರು. ನನಗ ಇನ್ನೂ ನಂಬಾಕ ಆಗವಲ್ದು.

ನನಗಿಂತ ಮೊದಲು ಮಾತಾಡಿದವರು ಸರ್‌ದು "ಎಲ್ಲರನ್ನೂ ನಂಬುತ್ತಿದ್ದ ಮುಗ್ಧ ಮನಸ್ಸು" ಅಂದರು. — ಅವರು ಯಾರ ಬಗ್ಗೆ ಹೇಳಿದರೋ ನನಗೆ ಗೊತ್ತಿಲ್ಲ. ನಮ್ಮ ಅಮಾತೆಪ್ಪ ಸರ್ ಯಾರನ್ನೂ ನಂಬ್ತಿರಲಿಲ್ಲ! ಅಕ್ಕಾ, ಹೌದಲ್ರಿ? ನೀವು ಕೊಟ್ಟ ಚಾ ಕೂಡ "ಸಕ್ರಿ ಹಾಕೀಯೇನು?" ಅಂತ ಕೇಳದೆ ತುಟಿಗೆ ಹಚ್ಚಿದವರಲ್ಲ.

ಅವರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಗ್ಲಾಕೋಮಾ ಬಂತು. ಮೊದಲು ಬದಿಯ ನೋಟ ಹೋಯಿತು, ಆಮೇಲೆ ಉಳಿದದ್ದೂ ಹೋಯಿತು. ಒಬ್ಬ ಬಂದು ಬೇರಿನ ರಸ ಹಾಕಿ ಅಂದ. ಇನ್ನೊಬ್ಬ ಹೊಸ ಮಷೀನು ಬಂದಿದೆ, ಹೋದ ಕಣ್ಣು ಬರ್ತಾವ ಅಂದ. ಆಸೆ ಹುಟ್ಟಿಸುವವರ ಸುತ್ತ ಅಲೆದು ಅಲೆದು ಸರ್‌ಗೆ ಈ ಸಂಶಯದ ಗುಣ ಅಂಟಿಕೊಂಡಿತು. ಕೇಂದ್ರಕ್ಕೆ ಏನೇ ಸಾಮಾನು ಬರಲಿ, ಅವರು ಪರೀಕ್ಷೆ ಮಾಡದೆ ವಿದ್ಯಾರ್ಥಿಗಳ ಕೈಗೆ ಕೊಡುತ್ತಿರಲಿಲ್ಲ.

ಒಮ್ಮೆ ಚಾ ಕಪ್ಪಿನ ಅಂಚಿಗೆ ಸಿಕ್ಕಿಸುವ ಸಣ್ಣ ಡಬ್ಬಿ ಬಂತು. ಕಪ್ಪು ತುಂಬಿತು ಅಂದರೆ ಕುಂಯ್ ಅಂತ ಕೂಗುತ್ತದೆ, ಬೆರಳು ಸುಟ್ಟುಕೊಳ್ಳಬೇಕಾಗಿಲ್ಲ. ನೀರು ಹಾಕಿ ನೋಡಿದರು, ಕೂಗಿತು. ಚಾ ಹಾಕಿದರು, ಕೂಗಿತು. "ಮುಬಶೀರಾ, ಮಜ್ಜಿಗಿ ತರ್ರಿ." ಕೂಗಿತು. "ಸಾರು ತರ್ರಿ." ಸಾರಿಗೂ ಕೂಗಿತು. ಆಮೇಲೆ "ಹ್ಞಾಂ, ಇದು ಖರೆ ಐತಿ" ಅಂದರು. ಅಷ್ಟೊತ್ತಿಗೆ ನಮ್ಮೆಲ್ಲರ ಚಾ ಆರಿ ತಣ್ಣಗಾಗಿತ್ತು, ಬಿಡ್ರಿ.

ಯಂತ್ರ ಬೇಡ ಅಂದವರಲ್ಲ ಅವರು. ಅದನ್ನು ಸ್ವಲ್ಪ ತಿಳಿದುಕೊಳ್ಳಿ. ಫೋನಿನ ಮೇಲಿನ ಅಕ್ಷರ ಓದಿ ಹೇಳುವ ಟಾಕ್‌ಬ್ಯಾಕ್ ಅನ್ನು ಈ ಭಾಗದಲ್ಲಿ ಎಷ್ಟೋ ಮಂದಿಗೆ ಕಲಿಸಿದವರು ಅವರೇ. ಅವರ ಫೋನು ಎಷ್ಟು ವೇಗವಾಗಿ ಓದಿ ಹೇಳುತ್ತಿತ್ತೆಂದರೆ, ಕಣ್ಣಿದ್ದವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಸರ್ ತೀರಿಕೊಳ್ಳುವ ಸ್ವಲ್ಪ ದಿನ ಮೊದಲು ಒಂದು ಕಂಪನಿಯವರು ಕೇಂದ್ರಕ್ಕೆ ಬಂದಿದ್ದರು. ಚೇತನಕುಮಾರ ಅಂತ ಅವರ ಹೆಸರು. ಮಾತಾಡುವ ಚಸ್ಮಾ ತಂದಿದ್ದರು — ಕ್ಯಾಮೆರಾ ಇದೆ, ಮುಂದೇನಿದೆ ಅಂತ ಕಿವಿಯಲ್ಲಿ ಹೇಳುತ್ತದೆ. ಅವರು ತಂದ ಪುಸ್ತಕ ಓದಿತು. ಅವರು ತಂದ ಬಿಸ್ಕೀಟ್ ಪುಡಿಕೆ ಗುರುತು ಹಿಡಿಯಿತು. ಎಲ್ಲರೂ ಚಪ್ಪಾಳೆ. ಸರ್ ಮಾತ್ರ ನನ್ನ ಕಿವಿಯಲ್ಲಿ, "ಎಲ್ಲಾ ಅವರ ಮನಿಯಿಂದ ತಂದದ್ದನ್ನ ಓದ್ತು ನೋಡ್ರಿ" ಅಂದರು.

ಆಮೇಲೆ ತಾವೇ ಚಸ್ಮಾ ಹಾಕಿಕೊಂಡು ರಸ್ತೆಗೆ ಇಳಿದರು. ಯಾರೋ ಫೋಟೋ ಹೊಡೆದುಕೊಂಡರು. ಕೇಂದ್ರದ ಮುಂದೆ ಪೈಪು ಹಾಕಲು ಆಗ ತಗ್ಗು ತೋಡಿದ್ದರು. ಸರ್ ಅಲ್ಲಿ ನಿಂತು, ಕ್ಯಾಮೆರಾದ ಮೇಲೆ ಹೆಬ್ಬಟ್ಟು ಇಟ್ಟರು — ಹಿಂಗ, ಪೂರ್ತಿ ಮುಚ್ಚಿ. "ನನ್ನ ಮುಂದ ಏನೈತಿ?" ಅಂತ ಕೇಳಿದರು. ಎಲ್ಲರಿಗೂ ಕೇಳಲಿ ಅಂತ ದನಿ ಹೊರಗೆ ಬಿಟ್ಟಿದ್ದರು. ಚಸ್ಮಾ ಭಾಳ ನಯವಾಗಿ ಹೇಳಿತು, "ಮುಂದೆ ಅಗಲವಾದ ರಸ್ತೆಯಿದೆ. ಎರಡೂ ಬದಿಯಲ್ಲಿ ಮರಗಳಿವೆ. ನೀವು ನಡೆಯಬಹುದು."

— ಕೇಳಿದ್ರೇನ್ರಿ? ಕ್ಯಾಮೆರಾ ಮುಚ್ಚೇತಿ. ಮುಂದ ತಗ್ಗು ಐತಿ. ನಡೀರಿ ಅಂತೈತಿ!

ಸುತ್ತಲಿದ್ದವರು ನಕ್ಕರು. ಚೇತನಕುಮಾರ ಅವರೂ ನಕ್ಕು, "ಅಪ್‌ಡೇಟ್ ಬಂದರೆ ಸರಿಹೋಗುತ್ತೆ ಸರ್" ಅಂದರು. ಸರ್ ನಗಲಿಲ್ಲ. ಚಸ್ಮಾ ತೆಗೆದು ಅವರ ಕೈಗಿಟ್ಟು ಹೇಳಿದರು, "ನೋಡ್ರಿ, 'ನನಗ ಕಾಣವಲ್ದು' ಅಂತ ಅದು ಒಂದು ಮಾತು ಅಂದಿದ್ರ ನಾ ಈಗಿಂದೀಗ ತಗೊಂತಿದ್ದೆ. ಕುರುಡರ ಮುಂದ ಕಾಣಲಾರದ್ದನ್ನ ಕಂಡೇನಿ ಅನ್ನಬಾರದ್ರಿ."

ಅದು ಅವರ ತೀರ್ಪು. ನಾನು ಅಲ್ಲೇ ಇದ್ದೆ.

ಇವತ್ತು ನಾನು ಈ ಸಭೆಗೆ ಬಂದೆ. ಬಾಗಿಲಲ್ಲಿ ಯಾರೋ ನನ್ನ ಕೋಲು ಹಿಡಿದರು. "ಮ್ಯಾಡಂ, ಕೋಲ ಇಲ್ಲಿ ಕೊಡ್ರಿ, ಸಭಾ ಮುಗದ ಮ್ಯಾಲ ಚಸ್ಮಾ ಕೊಡ್ತೇವಿ." ಹಳೆಯದು ಕೊಟ್ಟು ಹೊಸದು ಒಯ್ಯಿರಿ ಅನ್ನುವ ಲೆಕ್ಕ, ಮಿಕ್ಸರು ಕುಕ್ಕರು ಬದಲಿಸಿದ ಹಾಗೆ. ನಾನು ಕೊಡಲಿಲ್ಲ. ನನಗೆ ಆಗಲೇ ಮನಸ್ಸಿನಲ್ಲಿ ಹುಳ ಹೊಕ್ಕಿತು. ಐಶ್ವರ್ಯಾನ ಕೈ ಹಿಡಿದು, "ವೇದಿಕಿ ಹಿಂದ ಏನೈತಿ ಓದವಾ" ಅಂದೆ. "ಬ್ಯಾನರ್ ಐತ್ರಿ. ಫೋಟೋದಾಗ ಅಪ್ಪಾಜಿ ಆ ಚಸ್ಮಾ ಹಾಕ್ಕೊಂಡಾರ. ಅಮಾತೆಪ್ಪ ಸ್ಮಾರಕ ಕನ್ನಡಕ ಯೋಜನೆ ಅಂತ ಬರದಾರ" ಅಂದಳು.

ಕಣ್ಣಿದ್ದವರೇ, ನೀವೆಲ್ಲ ಒಳಗೆ ಬಂದಾಗಿನಿಂದ ಅದನ್ನು ನೋಡುತ್ತಾ ಕುಳಿತಿದ್ದೀರಿ. ನಮಗೆ ಯಾರೂ ಹೇಳಲಿಲ್ಲ. ಸರ್‌ದು ಮುಗ್ಧ ಮನಸ್ಸು ಅಂತ ಮೊದಲು ಭಾಷಣ ಮಾಡಿದವರೂ ಚೇತನಕುಮಾರ ಅವರೇ. ಆ ದನಿ ನಾನು ಮರೆತಿಲ್ಲ.

ಅಕ್ಕಾ, ತಪ್ಪು ತಿಳೀಬ್ಯಾಡ್ರಿ, ಎಲ್ಲರ ಎದುರು ಕೇಳ್ತೇನಿ. ಸರ್ ಹೆಸರು ಇಟ್ಟುಕೊಳ್ಳಲು ನಿಮ್ಮನ್ನು ಕೇಳಿದರಾ?

— ಏನಂದ್ರಿ? ಜೋರಾಗಿ ಅನ್ರಿ ಅಕ್ಕಾ.

— "ಕೇಳಿಲ್ಲ" ಅಂದ್ರು. ಹಿಂದಿನವರಿಗೂ ಕೇಳಿಸ್ತಾ? ಅಕ್ಕ "ಕೇಳಿಲ್ಲ" ಅಂದ್ರು.

ಶ್ರದ್ಧಾಂಜಲಿ ಸಭೆಯಲ್ಲಿ ಇವಳು ಇದೇನು ತೆಗೆದಳು ಅಂತ ನೀವು ಅನ್ನಬಹುದು. ಅನ್ರಿ. ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ದುಃಖ ಆಗಿದೆ. ಬಾದಾಮಿಯ ಸುಂದರವ್ವ, ಹೋದ ವರ್ಷ ಸರ್ ಹತ್ತಿರವೇ ಕೋಲು ಹಿಡಿದು ನಡೆಯಲು ಕಲಿತವರು, ನಾನು ಮೈಕಿಗೆ ಬರುವ ಮುಂಚೆ ಗೋಡೆ ಹಿಡಿದು ಹಿಡಿದು ನನ್ನ ಹತ್ತಿರ ಬಂದರು. ಕೈ ಮುಟ್ಟಿ ನೋಡಿದೆ, ಕೋಲಿಲ್ಲ. ಯಾಕೆ ಕೊಟ್ಟಿರಿ ಅಂದೆ. "ಅಮಾತೆಪ್ಪ ಸರ್ ಹೆಸರಿನ ಚಸ್ಮಾ ಅಂದ್ರಲ್ರಿ. ಸರ್ ಹೆಸರೈತಿ ಅಂದಮ್ಯಾಲ ಪರೀಕ್ಷಾ ಆಗಿರತೈತಿ ಅಂತ ಕೊಟ್ಟೇನಿ" ಅಂದರು.

ಇದನ್ನು ಕೇಳಿ ನನ್ನ ಎದೆ ಒಡೆಯಿತು. ಒಂದೊಂದನ್ನೂ ಅನುಮಾನಿಸಿ, ತಟ್ಟಿ ನೋಡಿ, ಸರ್ ಗಳಿಸಿದ ಹೆಸರು ಅದು. ಅದೇ ಹೆಸರು ನಂಬಿ ಸುಂದರವ್ವ ಇವತ್ತು ಕೋಲಿಲ್ಲದೆ ಬಾದಾಮಿ ಸ್ಟ್ಯಾಂಡಿನಲ್ಲಿ ಬಸ್ಸು ಇಳಿಯಬೇಕೇನು? ಮುಂದೆ ರಸ್ತೆ ಇದೆ ಅಂತ ಆ ಚಸ್ಮಾ ಹೇಳಿದರೆ ಹೆಜ್ಜೆ ಇಡಬೇಕೇನು?

ನಾಳೆ ಅದು ಸುಧಾರಿಸಲಿ, ನಾನೇ ಮೊದಲು ಹಾಕಿಕೊಳ್ಳುತ್ತೇನೆ. ಆಗಲೂ ನನ್ನ ಕೈಯಲ್ಲಿ ಕೋಲು ಇರುತ್ತದೆ. ಬೇಕಾದವರು ಇವತ್ತೇ ಚಸ್ಮಾ ಒಯ್ಯಿರಿ, ಬೇಡ ಅನ್ನುವುದಿಲ್ಲ. ಕೋಲು ಕೊಡಬ್ಯಾಡ್ರಿ. ಕೊಟ್ಟವರು ತಿರುಗಿ ಇಸ್ಕೊರ್ರಿ.

ಇನ್ನು ಸರ್‌ಗಾಗಿ ಒಂದು ನಿಮಿಷ ಮೌನ ಆಚರಿಸಬೇಕು. ಆದರೆ ಬಾಗಿಲ ಹತ್ತಿರ ಇರುವವರೇ, ಆ ಕೋಲುಗಳನ್ನೆಲ್ಲ ಮೊದಲು ಒಳಗೆ ತರ್ರಿ. ಅವರವರ ಕೋಲು ಅವರವರ ಕೈಗೆ ಬರುವ ತನಕ ಮೌನ ಶುರು ಆಗುವುದಿಲ್ಲ. ನಾನು ಮೈಕು ಬಿಡುವುದಿಲ್ಲ.

... ತಂದ್ರಾ? ... ಹೆಸರು ಕೇಳಿ ಕೊಡ್ರಿ, ಅದಲು ಬದಲು ಮಾಡಬ್ಯಾಡ್ರಿ.

— ಸುಂದರವ್ವಾ, ಬಂತೇನ್ರಿ? ಹಂಗ ನಂಬಬ್ಯಾಡ್ರಿ. ಹಿಡಿಕಿ ಮುಟ್ರಿ, ತುದಿ ಮುಟ್ರಿ. ನಿಮ್ಮದ ಹೌದೋ ಅಲ್ಲೋ ನೋಡ್ಕೊರ್ರಿ.

— ಹೌದಾ?

ಹಂಗಾದ್ರ ಎಲ್ಲರೂ ಎದ್ದು ನಿಲ್ರಿ.