ತಟ್ಟೆ ಬಡಿದ ಬೀದಿ

ಕೊನೇ ಬಸ್ಸು ಸುತ್ತೂರಿನ ಹತ್ತಿರ ಕೆಟ್ಟು ನಿಂತುಬಿಟ್ಟಿತ್ತಂತೆ. ಮುರಳೀಧರ ನಂಜನಗೂಡಿನಲ್ಲಿ ಇಳಿದಾಗ ಬಸ್ ಸ್ಟ್ಯಾಂಡಿನಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರಲಿಲ್ಲ. ಹೆಗಲ ಮೇಲೆ ಶಾಲು, ಕೈಚೀಲದಲ್ಲಿ ಗಂಧದ ಹಾರ. ನಡೆದುಕೊಂಡೇ ಹೊರಟ. ಬಡಾವಣೆಯ ಮೂಲೆಯಲ್ಲಿ ಒಂದು ಹಳೇ ಬಾವಿ. ಅದನ್ನು ದಾಟಿದ ಮೇಲೆ ಹಿಂದೆ ಸದ್ದು ಕೇಳಿಸಿತು.

ಟಪ್... ಟಪ್...

ಒಣ ಮಣ್ಣಿನ ಮೇಲೆ ನೀರು ತೊಟ್ಟಿಕ್ಕುವ ಸದ್ದು. ಅವನು ನಿಂತರೆ ಅದೂ ನಿಲ್ಲುತ್ತಿತ್ತು.

ಮುರಳೀಧರ ಅಂದರೆ ನಮ್ಮ ಚಿಕ್ಕಮ್ಮನ ಮಗಳು ಚಂಪಕಳ ಗಂಡ. ಹೈಸ್ಕೂಲು ಮೇಷ್ಟರು. ಇದು ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ನಡೆದದ್ದು. ನಾನು ಮದುವೆಯಾಗಿ ನಾಗಪುರ ಸೇರಿ ಒಂದು ಆಯುಷ್ಯವೇ ಆಯಿತು. ಇಲ್ಲಿ ಕರೆಂಟು ಹೋದ ರಾತ್ರಿ ಮೊಮ್ಮಕ್ಕಳು, ನಿಮ್ಮೂರಿನ ದೆವ್ವದ ಕತೆ ಹೇಳಜ್ಜಿ ಅನ್ನುತ್ತವೆ. ಬೇರೆ ಏನೇನೋ ಹೇಳುತ್ತೇನೆ. ಇದಕ್ಕೆ ಮಾತ್ರ ಬಾಯಿ ಬರುವುದಿಲ್ಲ. ಹೆದರಿಕೆಯಿಂದಲ್ಲ... ನಾಚಿಕೆಯಿಂದ.

ಊರ ಪಕ್ಕದ ತಾಂಡ್ಯದಲ್ಲಿ ಫ್ಯಾಕ್ಟರಿಗಳು ಬಂದ ಮೇಲೆ ಊರು ಬೆಳೆಯಿತು. ಹೊಸ ಬಡಾವಣೆಗಳು ಎದ್ದವು, ಗುರುತಿಲ್ಲದ ಮುಖಗಳು ಬಂದವು, ಕಳ್ಳತನವೂ ಹೆಚ್ಚಿತು. ಒಂದು ಮನೆಯಲ್ಲಿ ನಡುರಾತ್ರಿ ಹೊರಗಿನ ನಲ್ಲಿ ತಾನಾಗಿ ಸುರಿಯಿತಂತೆ. ನಿಲ್ಲಿಸಲು ಬಂದ ಯಜಮಾನರ ತಲೆ ಒಡೆದು ಬೀರು ಖಾಲಿ ಮಾಡಿದರು. ಇನ್ನೊಂದು ಕಡೆ ಹೆಂಗಸು ಅಳುವ ಸದ್ದು ಮಾಡಿ ಬಾಗಿಲು ತೆಗೆಸಿದರು ಅಂತ ಸುದ್ದಿ. ನಿಜವೋ ಸುಳ್ಳೋ, ಜನ ಸಂಜೆಗೇ ಚಿಲಕ ಹಾಕುವಂತಾಯಿತು.

ಆಗ ಚಂಪಕಳ ಬೀದಿಯವರು ಸಂಘ ಕಟ್ಟಿದರು. ಮುರಳೀಧರನೇ ಅಧ್ಯಕ್ಷ, ಉಪಾಯವೂ ಅವನದೇ. ರಾತ್ರಿ ಯಾರೇ ಕರೆದರೂ ಬಾಗಿಲು ತೆಗೆಯಬಾರದು. ಸೌಟು ಹಿಡಿದು ಊಟದ ತಟ್ಟೆ ಬಡಿಯಬೇಕು. ಒಂದು ಮನೆಯಲ್ಲಿ ಸದ್ದಾದರೆ ಎಲ್ಲರೂ ಬಡಿಯಬೇಕು. ಕಳ್ಳರು ಓಡಿಹೋಗುತ್ತಾರೆ.

"ನನ್ನ ದನಿ ಕೇಳಿದರೂ ತೆಗೀಬೇಡ," ಅಂತ ಚಂಪಕಳಿಗೆ ಹೇಳಿದ್ದನಂತೆ.

ಅವಳು ನಕ್ಕು, "ಹಾಗಾದರೆ ನನಗೆ ಒಳ್ಳೇದೇ ಬಿಡಿ," ಅಂದಿದ್ದಳು.

ಅದೇ ಬೀದಿಯ ಕೊನೆಯಲ್ಲಿ, ಸೀತಾರಾಮನವರ ಮನೆಯ ಹಿಂದಿನ ಕೋಣೆಯಲ್ಲಿ ಇಂದ್ರಾಣಿ ಅನ್ನುವ ಹುಡುಗಿ ಬಾಡಿಗೆಗಿದ್ದಳು. ಹುಲ್ಲಹಳ್ಳಿ ಕಡೆಯವಳು. ತಾಂಡ್ಯದಲ್ಲಿ ಪ್ಯಾಕಿಂಗ್ ಕೆಲಸ. ಬೆಳಿಗ್ಗೆ ಚಂಪಕಳ ಮನೆ ನಲ್ಲಿಯಲ್ಲೇ ನೀರು ಹಿಡಿಯುತ್ತಿದ್ದಳು. ಎರಡನೇ ಶಿಫ್ಟು ಮುಗಿಸಿದ ದಿನ ವ್ಯಾನಿನವನು ಮೇನ್ ರೋಡಿನಲ್ಲಿ ಇಳಿಸಿ ಹೋಗುತ್ತಿದ್ದ. ಅಲ್ಲಿಂದ ಬಾವಿಯ ಪಕ್ಕದಿಂದ ಒಬ್ಬಳೇ ನಡೆದು ಬರಬೇಕು.

ಮಾರ್ಚ್ ತಿಂಗಳ ಒಂದು ರಾತ್ರಿ ಬೀದಿಯಲ್ಲಿ ಚಪ್ಪಲಿ ಓಡಿದ ಸದ್ದು. ಹಿಂದೆಯೇ ಗಂಡಸರ ನಗು. ಆಮೇಲೆ ಚಂಪಕಳ ಮನೆಯ ಬಾಗಿಲನ್ನು ಯಾರೋ ದಬದಬ ಬಡಿದರು.

"ಸಾ... ಬಾಗ್ಲು ತಗೀರಿ ಸಾ... ಯಾರೋ ಬತ್ತಾವ್ರೆ..."

"ರೀ," ಅಂದಳು ಚಂಪಕ. "ಇಂದ್ರಾಣಿ ದನಿ."

"ಸುಮ್ನಿರೇ. ಅವರು ಎಂಥ ದನಿ ಬೇಕಾದರೂ ಮಾಡ್ತಾರೆ."

ತಟ್ಟೆ ತೆಗೆದುಕೊಂಡ. ಠಣ್ ಠಣ್ ಠಣ್ ಠಣ್... ಎದುರು ಮನೆಯಲ್ಲಿ ಶುರುವಾಯಿತು. ಪಕ್ಕದಲ್ಲಿ, ಅದರಾಚೆ... ಬೀದಿಗೆ ಬೀದಿಯೇ ಮೊಳಗಿತು. ಆ ಗದ್ದಲದಲ್ಲಿ ಕೂಗು ಮುಳುಗಿಹೋಯಿತು. ತಟ್ಟೆಗಳು ನಿಂತಾಗ ಹೊರಗೆ ಏನೂ ಇರಲಿಲ್ಲ.

ಬೆಳಿಗ್ಗೆ ಹುಡುಗಿ ಬಾವಿಯಲ್ಲಿದ್ದಳು.

ಪೊಲೀಸರು ಮನೆಮನೆಗೂ ಬಂದು ಕೇಳಿದರು. ತಟ್ಟೆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಸಾರ್, ಕಳ್ಳರು ಅಂದುಕೊಂಡೆವು ಅಂತ ಎಲ್ಲರದೂ ಒಂದೇ ಮಾತು. ತಾನೇ ಹಾರಿಕೊಂಡಿರಬೇಕು ಅಂತ ಯಾರೋ ಅಂದರು. ಅದೇ ಮಾತು ನಿಂತಿತು. ಅವಳ ತಾಯಿ ಪುಟ್ಟಮಾದಮ್ಮ ಬಾವಿಯ ಹತ್ತಿರ ನಿಂತಿದ್ದವಳು ಮುರಳೀಧರನನ್ನು ಕೇಳಿದಳು:

"ನನ್ ಮಗ ಕೂಗ್ನಿಲ್ವಾ ಸಾ?"

ಆ ಕಡೆ ಹೆಣ್ಣುಮಕ್ಕಳನ್ನೂ ಮುದ್ದಿಗೆ ಮಗ ಅಂತಲೇ ಕರೆಯುತ್ತಾರೆ.

"ಇಲ್ಲಮ್ಮ," ಅಂದ.

ಆ ಬೇಸಿಗೆ ಆ ಬೀದಿಯಲ್ಲಿ ಒಂದೂ ಕಳ್ಳತನವಾಗಲಿಲ್ಲ. ಬೇರೆ ಬಡಾವಣೆಯವರು ನೋಡಿ ಕಲಿಯಲು ಬಂದರು. ಟಿ. ನರಸೀಪುರದ ಒಂದು ಬೀದಿಯವರು ಮುರಳೀಧರನನ್ನು ಕರೆಸಿ, ತಟ್ಟೆಯ ಉಪಾಯ ಹೇಳಿಸಿ, ಶಾಲು ಹೊದಿಸಿ ಹಾರ ಹಾಕಿದರು. ಅಲ್ಲಿಂದಲೇ ಅವನು ಆ ರಾತ್ರಿ ಹಿಂದಿರುಗಿ ಬರುತ್ತಿದ್ದದ್ದು.

ಟಪ್... ಟಪ್...

ಓಡಿದ. ಮನೆ ಮುಟ್ಟಿ ಬಾಗಿಲು ಬಡಿದ.

"ಚಂಪಕಾ... ನಾನು ಕಣೇ. ತೆಗಿ."

ಒಳಗೆ ದೀಪ ಹತ್ತಿತು. ಅವಳ ಬಳೆ ಸದ್ದು ಬಾಗಿಲವರೆಗೂ ಬಂತು, ನಿಂತಿತು. ಆಮೇಲೆ... ಠಣ್. ಠಣ್ ಠಣ್ ಠಣ್. ಎದುರು ಮನೆ. ಪಕ್ಕದ ಮನೆ. ಇಡೀ ಬೀದಿ. ಅವನು ಗಂಟಲು ಹರಿಯುವ ಹಾಗೆ ತನ್ನ ಹೆಸರು ಹೇಳಿ ಕೂಗಿದ. ತನಗೇ ತನ್ನ ದನಿ ಕೇಳಿಸಲಿಲ್ಲ.

ಸದ್ದು ಅಡಗಿತು. ಜಗುಲಿಯ ಮೇಲೆ, ಪಕ್ಕದಲ್ಲೇ, ಯಾರೋ ಪಿಸುಗುಟ್ಟಿದರು.

"ತಗಿಯಕಿಲ್ಲ ಸಾ. ಕುಂತ್ಕಳಿ."

ಅವನು ಆ ಕಡೆ ತಿರುಗಲಿಲ್ಲ. ಹಸಿ ಬಟ್ಟೆಯ ವಾಸನೆ.

"ನಾನೂ ಇಂಗೇ ಕೂಗ್ದೆ."

"...ಕೇಳಿಸಿತ್ತು," ಅಂದ ಮುರಳೀಧರ.

"ಗೊತ್ತು ಸಾ. ನಿಮ್ ತಟ್ಟೆನೇ ಮೊದ್ಲು ಬಡೀತು."

ಟಪ್... ಟಪ್...

"ನಮ್ಮವ್ವನ್ ಮುಂದೆ ಯೋಳ್ಬುಡಿ ಸಾ. ಕೂಗಿದ್ಲು ಅಂತ. ಅಷ್ಟೇಯ."

ಬೆಳಕು ಹರಿದ ಮೇಲೆ ಚಂಪಕ ಬಾಗಿಲು ತೆಗೆದಳು. ಗಂಡ ಜಗುಲಿಯ ಮೇಲೆ ಶಾಲು ಹೊದ್ದು ಕೂತಿದ್ದಾನೆ. ಪಕ್ಕದ ಕಲ್ಲಿನ ಮೇಲೆ ಒಬ್ಬರು ಕೂರುವಷ್ಟು ಜಾಗ ಒದ್ದೆ.

"ರಾತ್ರಿ ಕರೆದದ್ದು ನಾನು ಕಣೇ."

"ನೀವಾ?" ಅವಳ ಮುಖ ಬಿಳಿಚಿತು. "ನಮಗೆ ಕೇಳಿಸಿದ್ದು ಹೆಂಗಸಿನ ದನಿ... ಬಾಗ್ಲು ತಗೀರಿ ಸಾ ಅಂತ."

ಎದುರು ಮನೆಯವರೂ ಅದನ್ನೇ ಹೇಳಿದರಂತೆ. ಗಂಡಸಿನ ದನಿ ಯಾರಿಗೂ ಕೇಳಿಸಿರಲಿಲ್ಲ.

ಮುರಳೀಧರ ಒಳಗೂ ಹೋಗಲಿಲ್ಲ, ಮುಖವನ್ನೂ ತೊಳೆಯಲಿಲ್ಲ. ಮೊದಲು ಸ್ಟೇಷನ್ನಿಗೆ ಹೋಗಿ, ನಾನು ಹೇಳಿದ್ದು ಸುಳ್ಳು, ಹುಡುಗಿ ಕೂಗಿದ್ದು ಕೇಳಿಸಿತ್ತು ಅಂತ ಹೇಳಿದ. ಅವನು ವಾಪಸು ಬರುವಷ್ಟರಲ್ಲಿ ಬೀದಿಯವರಿಗೆ ಅದು ಗೊತ್ತಾಗಿಹೋಗಿತ್ತು.

"ಎಲ್ಲರ ಮುಖಕ್ಕೂ ಮಸಿ ಬಳಿದುಬಿಟ್ಟಿರಲ್ಲ ಮೇಷ್ಟ್ರೇ," ಅಂದರು ಸೀತಾರಾಮನವರು. "ಮರ್ಯಾದಸ್ಥರ ಬೀದಿ ಇದು."

"ಹೌದು ಸೀತಾರಾಮನೋರೇ," ಅಂದ ಇವನು. "ಅದಕ್ಕೇ ಯಾರೂ ಬಾಗಿಲು ತೆಗೀಲಿಲ್ಲ."

ಚಂಪಕ ಅವನ ಜೊತೆ ಹೊರಟಳು. ಹುಲ್ಲಹಳ್ಳಿ ಬಸ್ಸು ಇಳಿದು ನಾಲೆಯ ಏರಿ ಮೇಲೆ ನಡೆದರು. ಪುಟ್ಟಮಾದಮ್ಮ ಮನೆಯ ಮುಂದೆ ರಾಗಿ ಕೇರುತ್ತಿದ್ದಳು. ಎದ್ದು ಚಾಪೆ ಹಾಸಿದಳು. ಮುರಳೀಧರ ಕೂರಲಿಲ್ಲ.

"ಕೂಗಿದ್ದಳು ಕಣಮ್ಮ. ನಮ್ಮ ಮನೆ ಬಾಗಿಲಲ್ಲೇ. ನಾನು ತೆಗೀಲಿಲ್ಲ. ಗೊತ್ತಿದ್ದೂ ತೆಗೀಲಿಲ್ಲ."

ಆಕೆ ಮೊರ ಕೆಳಗಿಟ್ಟಳು.

"ಗೊತ್ತು ಸಾ. ಅವತ್ತು ಕೋಳಿ ಕೂಗಕೆ ಮುಂಚೆ ಬಂದಿದ್ಲು. ಅವ್ವಾ ಅಂದ್ಲು, ಬಾಗ್ಲು ತಗ್ದೆ. ಎಲ್ಲಾ ಯೋಳುದ್ಲು."

ಚಂಪಕ ಅವನ ತೋಳು ಹಿಡಿದುಕೊಂಡಳು. "ಮತ್ತೆ... ಬಾವಿ ಹತ್ರ ನಮ್ಮನ್ನ ಕೇಳಿದಿರಲ್ಲ ಪುಟ್ಟಮಾದಮ್ಮ?"

"ನೀವೇನ್ ಯೋಳೀರಿ ಅಂತ ಕೇಳ್ದೆ ಕಣವ್ವ."

ಅಷ್ಟೇ. ಬೈಯಲಿಲ್ಲ. ಅಳಲಿಲ್ಲ. ಮಗಳ ತಲೆಯೆಲ್ಲಾ ನೆಂದಿತ್ತು, ಒರೆಸಿ ಕಳಿಸಿದೆ ಅಂದು ಅಂಗಳದ ಹಗ್ಗ ತೋರಿಸಿದಳು. ನೆತ್ತಿ ಸುಡುವ ಬಿಸಿಲು. ಹಗ್ಗದ ಮೇಲಿನ ಸೀರೆ, ಚಾದರ ಎಲ್ಲಾ ಒಣಗಿ ಕಾಗದದ ಹಾಗಾಗಿದ್ದವು. ನಡುವೆ ಒಂದು ಕೆಂಪು ಅಂಚಿನ ಟವೆಲ್ಲು. ಅದರ ತುದಿಯಿಂದ ನೀರು ಬೀಳುತ್ತಿತ್ತು. ಕೆಳಗಿನ ಮಣ್ಣಿನಲ್ಲಿ ಸಣ್ಣ ಗುಳಿ ಬಿದ್ದಿತ್ತು.

ಚಂಪಕ ಇದನ್ನು ಹೇಳಿದಾಗ ನಾನು ನಂಬಿರಲಿಲ್ಲ. ಎರಡು ವರ್ಷವಾದ ಮೇಲೆ ಊರಿಗೆ ಹೋದಾಗ, ಅವಳ ಜೊತೆ ಹುಲ್ಲಹಳ್ಳಿಗೂ ಹೋಗಿದ್ದೆ. ಅದೂ ಬೇಸಿಗೆಯೇ. ಯಾರು ಏನಾದರೂ ಅನ್ನಲಿ, ಆ ಟವೆಲ್ಲನ್ನು ಈ ಕೈಯಿಂದ ಹಿಂಡಿದವಳು ನಾನು. ನೀರು ಮೊಣಕೈವರೆಗೂ ಇಳಿಯಿತು. ತಣ್ಣಗಿತ್ತು.